ಆವು ಎಂದರೆ ನಾಲ್ಕು

ಮೊದಲು ನನ್ನ ಪಿಎಚ್‌ಡಿ ಗೈಡ್ ಮೇಡಂ ಅವರ ಧ್ವನಿ ಮಾಡಿ ತೋರಿಸುತ್ತೇನೆ. ಬರಹದಲ್ಲಿ ಕಷ್ಟ, ಆದರೂ ನೋಡುವ. ಮೂಗಿನಿಂದ ಸ್ವಲ್ಪ ಗಾಳಿ ಬಿಡಬೇಕು, ಒಂದು ಪದಕ್ಕೂ ಇನ್ನೊಂದಕ್ಕೂ ನಡುವೆ ಒಂದು ಬಸ್ಸು ತಿರುಗುವಷ್ಟು ಜಾಗ ಇಡಬೇಕು. “ನಿಮ್ಮ... ಡೇಟಾ... ಎಲ್ಲಿಗೆ... ಬಂತು?” ಡೇಟಾ ತಾನಾಗಿ ಎಲ್ಲಿಗೂ ಬರುವುದಿಲ್ಲ, ನಾನೇ ಹೋಗಿ ಹೊತ್ತು ತರಬೇಕು ಎಂಬುದು ಅವರಿಗೂ ಗೊತ್ತು. ಆದರೂ ಪ್ರತಿ ಸೋಮವಾರ ಫೋನು ಮಾಡಿ ಹಾಗೆಯೇ ಕೇಳುತ್ತಿದ್ದರು, ಪುತ್ತೂರಿನಿಂದ ಪಾರ್ಸೆಲ್ ಬಂತಾ ಎಂದು ಕೇಳಿದ ಹಾಗೆ.

ಈಗ ನನ್ನ ಧ್ವನಿ. ಇದು ಇನ್ನೂ ಸುಲಭ. ಬೆನ್ನು ಸ್ವಲ್ಪ ಬಾಗಿಸಿ, ಫೋನನ್ನು ಎರಡೂ ಕೈಯಲ್ಲಿ ಹಿಡಿದು: “ಹಾಂ ಮೇಡಂ, ಆಲ್ಮೋಸ್ಟ್ ಮೇಡಂ, ಈ ವಾರ ಮೇಡಂ.” ಐದು ವರ್ಷ ಇದೇ ಡೈಲಾಗು. ನನ್ನನ್ನು ನಾನೇ ಅಣಕಿಸುವುದರಲ್ಲಿ ಒಂದು ಲಾಭ ಉಂಟು, ಬೇರೆಯವರು ಆ ಕೆಲಸಕ್ಕೆ ಇಳಿಯುವ ಮೊದಲೇ ಮುಗಿದಿರುತ್ತದೆ.

ಬೆಳ್ತಂಗಡಿಯ ಒಂದು ಕಾಲೇಜಿನಲ್ಲಿ ನಾನು ಸಮಾಜಶಾಸ್ತ್ರದ ಅತಿಥಿ ಉಪನ್ಯಾಸಕ. ಅತಿಥಿ ಎಂದರೆ ಬಂದವರು, ಯಾವಾಗ ಹೋಗುತ್ತಾರೆ ಎಂದು ಮನೆಯವರು ಕಾಯುತ್ತಿರುವವರು. ಕಳೆದ ವರ್ಷದ ಕೊನೆಯಲ್ಲಿ ಪ್ರಿನ್ಸಿಪಾಲರು ನನ್ನನ್ನು ಕರೆದು, ಪಿಎಚ್‌ಡಿ ಪ್ರಬಂಧ ಸಲ್ಲಿಸದಿದ್ದರೆ ಜೂನಿನ ಪಟ್ಟಿಯಲ್ಲಿ ನನ್ನ ಹೆಸರು ಇರುವುದಿಲ್ಲ ಎಂದು ತುಂಬ ಪ್ರೀತಿಯಿಂದ ಹೇಳಿದರು. ವಿಶ್ವವಿದ್ಯಾನಿಲಯದ ಕಡೆಯಿಂದಲೂ ಪತ್ರ ಬಂದಿತ್ತು. ನನ್ನ ನೋಂದಣಿಗೆ ಎರಡು ಸಲ ಅವಧಿ ಕೊಟ್ಟಾಗಿದೆ, ಮೇ ತಿಂಗಳ ಕೊನೆಯೇ ಕಡೆ, ಮೂರನೆಯದು ಇಲ್ಲ. ಅಂದರೆ ಮೇ ಒಳಗೆ ಪ್ರಬಂಧ ಕೊಟ್ಟರೆ ಎರಡೂ ಉಳಿಯುತ್ತವೆ, ಇಲ್ಲದಿದ್ದರೆ ಎರಡೂ ಹೋಗುತ್ತವೆ. ಇಷ್ಟು ಸ್ಪಷ್ಟವಾದ ಸಂಗತಿ ನನ್ನ ಇಡೀ ಸಂಶೋಧನೆಯಲ್ಲಿ ಇನ್ನೊಂದಿರಲಿಲ್ಲ.

ಸಂಶೋಧನೆಯ ವಿಷಯ: ‘ಬೀಡಿ ಕಟ್ಟುವ ಮಹಿಳೆಯರ ಜೀವನ ತೃಪ್ತಿ: ಬಂಟ್ವಾಳ ಮತ್ತು ಬೆಳ್ತಂಗಡಿ ತಾಲೂಕುಗಳ ಒಂದು ಅಧ್ಯಯನ’. ಇದನ್ನು ಮೊದಲ ಸಲ ಪುಂಜಾಲಕಟ್ಟೆಯ ನಮ್ಮ ಮನೆಯಲ್ಲಿ ಓದಿ ಹೇಳಿದಾಗ ಅಮ್ಮ ಬೀಡಿ ಕಟ್ಟುತ್ತ ಕೂತಿದ್ದಳು. ಅವಳು ಯಾವಾಗಲೂ ಬೀಡಿ ಕಟ್ಟುತ್ತಲೇ ಕೂತಿರುತ್ತಾಳೆ. ಮಡಿಲಲ್ಲಿ ತಡ್ಪೆ, ಅಂದರೆ ನೀವು ಅಕ್ಕಿ ಕೇರುವ ಮೊರ, ಅದರಲ್ಲಿ ಎಲೆ, ಹೊಗೆಸೊಪ್ಪು, ನೂಲು. ನಾನು ಮಗುವಾಗಿದ್ದಾಗಿನಿಂದ ಅವಳ ಮಡಿಲಿಗೆ ನನಗೂ ತಡ್ಪೆಗೂ ಪೈಪೋಟಿ, ಗೆದ್ದದ್ದು ಯಾವಾಗಲೂ ಅದೇ.

“ತೃಪ್ತಿ ಅಳೆಯಲಿಕ್ಕೆ ಹೋಗ್ತೀಯಾ?” ಎಂದಳು. ನಮ್ಮ ಮನೆಮಾತು ತುಳು. ಕನ್ನಡದಲ್ಲಿ ಬರೆಯುವಾಗ ಅಮ್ಮ ಇದ್ದಕ್ಕಿದ್ದಂತೆ ವಿದ್ಯಾವಂತೆಯಾಗಿಬಿಡುತ್ತಾಳೆ, ಕ್ಷಮಿಸಿ. “ಟೇಪು ತಗೊಂಡು ಹೋಗು. ಟೈಲರನ ಹತ್ತಿರ ಉಂಟು.”

ಸಂಶೋಧಕನ ಮನೆಯವರನ್ನು ಕೇಳಿದರೆ ಉತ್ತರ ವಾಲಿರುತ್ತದೆ ಎಂದು ಗೈಡ್ ಮೇಡಂ ಹೇಳಿದ್ದರಿಂದ ಅಮ್ಮನನ್ನು ನಾನು ಪಟ್ಟಿಯಿಂದ ಬಿಟ್ಟೆ. ಅದಕ್ಕೆ ಅವಳಿಗೆ ಬೇಸರವಾಯಿತು. “ಊರಿನ ಹೆಂಗಸರನ್ನೆಲ್ಲ ಕೇಳ್ತಿ. ನಾನು ಕಟ್ಟುವುದು ಬೀಡಿ ಅಲ್ವಾ? ಊದುಬತ್ತಿಯಾ?” ಎಂದು ಎರಡು ದಿನ ನನಗೆ ಚಾಗೆ ಸಕ್ಕರೆ ಕಮ್ಮಿ ಹಾಕಿದಳು.

ಪ್ರಶ್ನಾವಳಿ ಹಿಡಿದು ಒಂದು ವರ್ಷ ತಿರುಗಿದೆ. ಇನ್ನೂರು ಹೆಂಗಸರು. ಹತ್ತು ವಾಕ್ಯಗಳು, ಪ್ರತಿಯೊಂದಕ್ಕೂ ಐದು ಉತ್ತರ. ಒಂದು ಎಂದರೆ ‘ಖಂಡಿತ ಒಪ್ಪುವುದಿಲ್ಲ’, ಎರಡು ‘ಒಪ್ಪುವುದಿಲ್ಲ’, ಮೂರು ‘ಹೇಳಲಾಗದು’, ನಾಲ್ಕು ‘ಒಪ್ಪುತ್ತೇನೆ’, ಐದು ‘ಸಂಪೂರ್ಣವಾಗಿ ಒಪ್ಪುತ್ತೇನೆ’. ಉತ್ತರವನ್ನೇ ಕೊಡದಿದ್ದರೆ ಒಂಬತ್ತು ಎಂದು ಬರೆಯಬೇಕು. ಮೌನಕ್ಕೂ ಒಂದು ಅಂಕೆ ಉಂಟು ಎಂದು ತಿಳಿದಾಗ ನನಗೆ ಈ ಶಾಸ್ತ್ರದ ಮೇಲೆ ಗೌರವ ಬಂದದ್ದು ಸುಳ್ಳಲ್ಲ.

ನರಿಕೊಂಬಿನ ಒಂದು ಮನೆಯ ಜಗಲಿ ನನಗೆ ಚೆನ್ನಾಗಿ ನೆನಪಿದೆ. ಹೊಳೆಯ ಕಡೆಗೆ ಮುಖಮಾಡಿದ ಮನೆ. ಐವತ್ತು ದಾಟಿದ ಅಕ್ಕ ಒಬ್ಬರು ಕತ್ತರಿಯಲ್ಲಿ ಎಲೆ ಕತ್ತರಿಸುತ್ತಿದ್ದರು. ನಾನು ಗಂಟಲು ಸರಿಮಾಡಿಕೊಂಡು, ಆಕಾಶವಾಣಿಯ ಧ್ವನಿಯಲ್ಲಿ ಮೊದಲ ವಾಕ್ಯ ಓದಿದೆ: “ನಾನು ನಡೆಸುತ್ತಿರುವ ಜೀವನವು ನನಗೆ ತೃಪ್ತಿಕರವಾಗಿದೆ.”

“ಯಾರದ್ದು? ನಿನ್ನದ್ದಾ?”

“ಅಲ್ಲ ಅಕ್ಕ, ನಿಮ್ಮದು. ಇದನ್ನು ನೀವು ಹೇಳಿದ ಹಾಗೆ ಲೆಕ್ಕ.”

“ನಾನು ಇಷ್ಟು ಒಳ್ಳೆ ಕನ್ನಡ ಯಾವಾಗ ಹೇಳಿದ್ದು ಮಾರಾಯ?”

ನಾನು ಅದನ್ನು ತುಳುವಿನಲ್ಲಿ ಬಿಡಿಸಿ ಹೇಳಿದೆ. ಅಕ್ಕ ಒಂದು ಎಲೆ ಸುರುಳಿ ಮಾಡಿ, ತುದಿ ಮಡಚಿ, ನೂಲು ಸುತ್ತಿ ತಡ್ಪೆಗೆ ಹಾಕಿದರು. ಆಮೇಲೆ ಹೇಳಿದರು: “ಆವು.”

ಆವು. ಕನ್ನಡದಲ್ಲಿ ಹೇಳುವುದಾದರೆ ಆಗಲಿ, ಹೌದು, ಸರಿ. ಹಾಗೆಂದು ನಾನು ಅಂದುಕೊಂಡಿದ್ದೆ. ನಾಲ್ಕಕ್ಕೆ ಸುತ್ತು ಹಾಕಿದೆ. ಐದು ಹಾಕಲಿಲ್ಲ, ಏಕೆಂದರೆ ಅಕ್ಕ ‘ಸಂಪೂರ್ಣವಾಗಿ’ ಎಂದಿರಲಿಲ್ಲ. ನೋಡಿ, ಎಷ್ಟು ಜಾಗರೂಕ ಸಂಶೋಧಕ.

“ಇನ್ನು ಎಷ್ಟುಂಟು?”

“ಒಂಬತ್ತೇ ಅಕ್ಕ.”

“ಆವು ಆವು.”

ಎರಡನೆಯದಕ್ಕೂ ಮೂರನೆಯದಕ್ಕೂ ಒಟ್ಟಿಗೆ ನಾಲ್ಕು ಹಾಕಿಬಿಟ್ಟೆ. ಹೊರಡುವಾಗ ಅಕ್ಕ ಬೆಲ್ಲ ನೀರು ಕೊಟ್ಟು, “ಪಾಸ್ ಆದರೆ ಹೇಳು ಮಗ” ಎಂದರು. ಇನ್ನೂರು ಮನೆಯಲ್ಲೂ ಹೆಚ್ಚು ಕಡಿಮೆ ಇದೇ. ಎಲ್ಲರೂ ಒಪ್ಪಿದರು. ಎಲ್ಲರೂ ಹರಸಿದರು. ನಾಯಿ ಓಡಿಸಿಕೊಂಡು ಬಂದ ಒಂದು ಮನೆಯಲ್ಲೂ, ನಾಯಿಯ ಬಾಯಿಯಿಂದ ಬಿಡಿಸಿದ ಮೇಲೆ, ಒಪ್ಪಿದರು.

ಪ್ರಶ್ನಾವಳಿಗಳ ಕಟ್ಟು ಮನೆಯಲ್ಲಿ ಅಮ್ಮನ ಬೀಡಿಕಟ್ಟುಗಳ ಪಕ್ಕ ಬೆಳೆಯಿತು. ಆಮೇಲೆ ಅದನ್ನು ಸಾಫ್ಟ್‌ವೇರಿಗೆ ಹಾಕಬೇಕು, ಅದು ಅಂಕಿಅಂಶದ ಕೋಷ್ಟಕ ಮಾಡಿಕೊಡುತ್ತದೆ ಎಂದು ಮೇಡಂ ಹೇಳಿದರು. ನನಗೆ ಲೆಕ್ಕ ಎಂದರೆ ಹತ್ತನೇ ತರಗತಿಯಲ್ಲಿ ಲೆಕ್ಕದ ಮಾಸ್ಟ್ರ ನಡಿಗೆ ಮಾಡಿ ತೋರಿಸಿ ಹೊರಗೆ ನಿಂತದ್ದು, ಅಷ್ಟೇ. ಒಳಗೆ ಏನು ನಡೆಯುತ್ತಿತ್ತು ಎಂದು ಈಗಲೂ ಗೊತ್ತಿಲ್ಲ. ಪರಿಚಯದವರೊಬ್ಬರು ಮೂಡುಬಿದಿರೆಯಲ್ಲಿ ಒಬ್ಬ ನಿವೃತ್ತ ಸಂಖ್ಯಾಶಾಸ್ತ್ರದ ಅಧ್ಯಾಪಕರ ಮನೆ ತೋರಿಸಿದರು.

ಸರ್ ಜೈನರು. ಅವರ ಮನೆತನಕ್ಕೆ ಹತ್ತಿರದ ಒಂದು ಬಸದಿಯ ಉಸ್ತುವಾರಿ. ಬೆಳಿಗ್ಗೆ ಬಸದಿಯ ಬೀಗ ತೆಗೆಯುವುದು, ಮಧ್ಯಾಹ್ನ ಮೂರಕ್ಕೆ ಕಂಪ್ಯೂಟರಿನ ಮೇಲಿನ ಕಸೂತಿ ಬಟ್ಟೆ ತೆಗೆಯುವುದು, ಎರಡನ್ನೂ ಒಂದೇ ಭಕ್ತಿಯಿಂದ ಮಾಡುತ್ತಿದ್ದರು. ಸೂರ್ಯ ಮುಳುಗುವ ಮೊದಲು ಅವರ ಊಟ ಆಗಬೇಕು, ಹಾಗಾಗಿ ಐದೂವರೆಗೆ ಪಾಠ ಬಂದ್. ಮಧ್ಯದಲ್ಲಿ ಶೂನ್ಯ ಪ್ರಕಲ್ಪನೆ, ಅಂದರೆ ‘ಯಾವ ಸಂಬಂಧವೂ ಇಲ್ಲ’ ಎಂದು ಹಿಡಿದುಕೊಂಡು ಹೊರಡುವ ಊಹೆ, ಅರ್ಧಕ್ಕೆ ನಿಂತಿದ್ದರೂ ಅದು ನಾಳೆಯವರೆಗೆ ಹಾಗೆಯೇ ನೇತಾಡಬೇಕು. ಫೀಸು ಬೇಡ ಎಂದರು. ಬದಲಿಗೆ ಪಾಠ ಮುಗಿದ ಮೇಲೆ, “ಆ ಕಂಡಕ್ಟರನದ್ದು ಒಮ್ಮೆ ಮಾಡುವ” ಎನ್ನುತ್ತಿದ್ದರು. ಗುರುವಾಯನಕೆರೆಯಲ್ಲಿ ಬಸ್ಸಿನ ಬಾಗಿಲಿಗೆ ಜೋತುಬಿದ್ದು ‘ವೇಣೂರ್ ಮೂಡ್‌ಬಿದ್ರೆ’ ಎಂದು ಒಂದೇ ಉಸಿರಿಗೆ ಕೂಗುವವನನ್ನು ನಾನು ಮಾಡಿದರೆ ಸರ್ ಶಬ್ದವಿಲ್ಲದೆ ನಗುತ್ತಿದ್ದರು. ಭುಜ ಮಾತ್ರ ಕುಣಿಯುತ್ತಿತ್ತು.

ಮೊದಲ ವಾರ ನಾನು ಊರುಗಳಿಗೆ ನಂಬರು ಕೊಟ್ಟೆ. ನರಿಕೊಂಬು ಒಂದು, ಪುಂಜಾಲಕಟ್ಟೆ ಎರಡು, ಗುರುವಾಯನಕೆರೆ ಮೂರು, ಹೀಗೆ. ಆಮೇಲೆ ಉತ್ಸಾಹದಲ್ಲಿ ಅದಕ್ಕೂ ಸರಾಸರಿ ತೆಗೆದೆ. ಊರಿನ ಸರಾಸರಿ ಎರಡು ಮುಕ್ಕಾಲು ಬಂತು. ಹೆಮ್ಮೆಯಿಂದ ತೋರಿಸಿದೆ.

ಸರ್ ಕನ್ನಡಕ ಏರಿಸಿ ನೋಡಿದರು. ಅವರ ಕನ್ನಡ ನಿಧಾನ, ಒಂದೊಂದು ಪದವನ್ನೂ ಒರೆಸಿ ಇಡುವವರು. “ಎರಡು ಮುಕ್ಕಾಲನೇ ಊರು. ಒಳ್ಳೆಯದು. ಅಲ್ಲಿಗೆ ಟಿಕೆಟು ಎಲ್ಲಿ ಸಿಗ್ತದೆ ಹೇಳಿ, ನಾನೂ ಬರ್ತೇನೆ.”

“ಪುಂಜಾಲಕಟ್ಟೆ ದಾಟಿ ಸ್ವಲ್ಪ ಮುಂದೆ ಸರ್. ರಿಕ್ವೆಸ್ಟ್ ಸ್ಟಾಪು.”

“ನೀವು ಅಲ್ಲೇ ಇಳಿಯುವುದು ಅಂತ ಕಾಣ್ತದೆ.”

ಹೆಸರಿಗಾಗಿ ಇರುವ ಅಂಕೆ ಬೇರೆ, ಅಳತೆಗಾಗಿ ಇರುವ ಅಂಕೆ ಬೇರೆ ಎಂದು ಅವತ್ತು ಕಲಿತೆ. ಒಂದು ಅಂಕೆ ಅಂಕೆಯಂತೆ ಕಂಡ ಮಾತ್ರಕ್ಕೆ ಅದನ್ನು ಕೂಡಿಸಿ ಭಾಗಿಸುವ ಹಕ್ಕು ನಮಗೆ ಬರುವುದಿಲ್ಲ. ಇದನ್ನು ಸರ್ ಹೇಳಿದಾಗ ನಾನು ತಲೆಯಾಡಿಸಿದೆ. ಸರಿಯಾಗಿ ಕೇಳಿಸಿಕೊಂಡಿದ್ದರೆ ನನ್ನ ಉಳಿದ ಕಥೆಯೂ ಅದರಲ್ಲೇ ಇತ್ತು.

ಇನ್ನೂರು ಪ್ರಶ್ನಾವಳಿಯನ್ನು ಟೈಪು ಮಾಡಲು ಫೆಬ್ರವರಿ ಇಡೀ ಹಿಡಿಯಿತು. ಮಾರ್ಚಿನ ಮೊದಲ ವಾರ ಮೂಡುಬಿದಿರೆಯಲ್ಲಿ ಅದನ್ನು ತೆರೆದು ಸರ್ ಮೌಸಿನಲ್ಲಿ ಮೇಲಿನಿಂದ ಕೆಳಗೆ ಓಡಿಸಿದರು. ನಾಲ್ಕು, ನಾಲ್ಕು, ನಾಲ್ಕು, ನಾಲ್ಕು. ಪರದೆಯ ಮೇಲೆ ನಾಲ್ಕರ ಮಳೆ.

“ಇವರು ಯಾರೂ ಯಾರೊಟ್ಟಿಗೂ ಜಗಳ ಮಾಡುವುದಿಲ್ಲವಾ?” ಎಂದರು.

“ತುಂಬ ಸಾಧು ಜನ ಸರ್.”

“ನೋಡುವ. ವಿದ್ಯಾಭ್ಯಾಸಕ್ಕೂ ತೃಪ್ತಿಗೂ ಸಂಬಂಧ ಉಂಟಾ ನೋಡುವ. ಓಕೆ ಒತ್ತಿ.”

ಓಕೆ ಒತ್ತಿದೆ. ಕೋಷ್ಟಕ ಬಂತು. ಅಂಕೆ ಇರಬೇಕಾದ ಜಾಗದಲ್ಲಿ ಒಂದೊಂದು ಚುಕ್ಕಿ. ಕೆಳಗೆ ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿ ಒಂದು ಟಿಪ್ಪಣಿ. ಅದರ ತಾತ್ಪರ್ಯ: ಒಂದು ಚಲಕ, ಅಂದರೆ ಬದಲಾಗುತ್ತಿರಬೇಕಾದ ಅಂಕೆ, ಚಲಿಸುತ್ತಿಲ್ಲ, ಆದ್ದರಿಂದ ಲೆಕ್ಕ ಹಾಕಲು ಬರುವುದಿಲ್ಲ. ಬೇರೆ ವಾಕ್ಯ ಹಾಕಿ ನೋಡಿದೆವು. ಚುಕ್ಕಿ. ಮಾನಕ ವಿಚಲನೆ, ಅಂದರೆ ಜನರ ಉತ್ತರ ಒಬ್ಬರಿಂದ ಒಬ್ಬರಿಗೆ ಎಷ್ಟು ಬೇರೆ ಎಂಬುದರ ಅಳತೆ, ಅದು ಸೊನ್ನೆ. ಹತ್ತಕ್ಕೆ ಹತ್ತೂ ಸೊನ್ನೆ.

“ಸರ್, ಪ್ರಪಂಚದಲ್ಲೇ ಅತ್ಯಂತ ಸುಖೀ ತಾಲೂಕುಗಳು. ನಾವು ಪತ್ರಿಕೆಗೆ ಕೊಡುವ” ಎಂದೆ. ನಗಿಸುವುದು ನನ್ನ ಬಾಯಿಗೆ ಅಭ್ಯಾಸ.

ಸರ್ ಗಡಿಯಾರ ನೋಡಿ ಎದ್ದರು. ಐದೂವರೆ. “ನೀವು ಇಲ್ಲಿಗೆ ಬರ್ಲಿಕ್ಕೆ ಎರಡು ಬಸ್ಸು ಹಿಡೀತೀರಿ. ಎರಡರಲ್ಲೂ ಸೇರಿಸಿ ಯಾರಾದರೂ ಇಷ್ಟು ಸುಖದಲ್ಲಿ ಇದ್ದದ್ದು ನೋಡಿದ್ದೀರಾ?” ಕೈ ತೊಳೆಯಲು ಹೋಗುತ್ತ ಬಾಗಿಲ ಬಳಿ ನಿಂತು, “ಯಂತ್ರದ ತಪ್ಪಲ್ಲ. ಬದಲಾಗದ್ದನ್ನು ಅದು ಅಳೆಯುವುದಿಲ್ಲ. ನೀವು ತಂದದ್ದು ಎಂತ ಅಂತ ನೋಡಿ” ಎಂದರು. ಅವತ್ತು ಕಂಡಕ್ಟರನನ್ನು ಮಾಡಲು ಹೇಳಲಿಲ್ಲ.

ಮರುದಿನ ಭಾನುವಾರ. ಸಂಜೆಯ ಚಾ ಕುಡಿಯುತ್ತ ಅಮ್ಮನ ಎದುರು ಕೂತಿದ್ದೆ. ಮನಸ್ಸು ಸರಿ ಇಲ್ಲದಾಗ ನಾನು ಮಾಡುವುದು ಒಂದೇ, ಯಾರನ್ನಾದರೂ ಮಾಡಿ ತೋರಿಸುವುದು. ನರಿಕೊಂಬಿನ ಅಕ್ಕನನ್ನು ಮಾಡಿದೆ. ಮಡಿಲಲ್ಲಿ ಇಲ್ಲದ ತಡ್ಪೆ, ಕೈಯಲ್ಲಿ ಇಲ್ಲದ ಕತ್ತರಿ, ತಲೆ ಎತ್ತದೆ ಕಣ್ಣು ಮಾತ್ರ ಎತ್ತಿ: “ಇನ್ನು ಎಷ್ಟುಂಟು? ಆವು ಆವು.”

ಅಮ್ಮ ನಕ್ಕಳು. “ಇದ್ದ ಹಾಗೇ ಉಂಟು” ಎಂದಳು. ಆಮೇಲೆ ಏನೋ ಹೊಳೆದ ಹಾಗೆ, “ಅವಳು ಹೇಳಿದ್ದು ‘ಆವು’ ಅಂತಲಾ, ‘ಅಂದ್’ ಅಂತಲಾ?”

“ಆವು. ಎರಡೂ ಒಂದೇ ಅಲ್ವಾ?”

ಅಮ್ಮನ ಕೈ ನಿಂತಿತು. ಬೀಡಿ ಕಟ್ಟುವವರ ಕೈ ಮಾತಾಡುವಾಗ ನಿಲ್ಲುವುದಿಲ್ಲ, ಟಿವಿ ನೋಡುವಾಗ ನಿಲ್ಲುವುದಿಲ್ಲ, ಸಾವಿನ ಸುದ್ದಿ ಬಂದರೂ ಆ ಒಂದು ಬೀಡಿ ಮುಗಿಸಿಯೇ ನಿಲ್ಲುವುದು.

“ಒಂದೇಯಾ? ನೀನು ಯಾವ ಊರಿನವ ಮಾರಾಯ? ಹೊರಗೆ ಮಳೆ ಬಂತಾ ಅಂತ ಕೇಳಿದರೆ ಎಂತ ಹೇಳ್ತಿ?”

“ಅಂದ್.”

“ಒಂದು ಕೊಡಪಾನ ನೀರು ತಾ ಅಂದರೆ?”

“ಆವು.”

“ಮತ್ತೆ?”

ಮತ್ತೆ ಏನೂ ಇಲ್ಲ. ಅಷ್ಟೇ. ಇದ್ದದ್ದನ್ನು ಇದೆ ಎನ್ನಲು ‘ಅಂದ್’. ಹೇಳಿದ್ದನ್ನು ಮಾಡುತ್ತೇನೆ, ಆಗಲಿ, ನಿನ್ನ ಇಷ್ಟ ಎನ್ನಲು ‘ಆವು’. ಹುಟ್ಟಿದಾಗಿನಿಂದ ಬಾಯಲ್ಲಿರುವ ಎರಡು ಪದ, ಒಮ್ಮೆಯೂ ತಪ್ಪದೆ ಬಳಸಿದವನು ನಾನು. ಪ್ರಶ್ನಾವಳಿ ಕೈಗೆ ಬಂದು, ಕನ್ನಡದ ಶರಟು ಹಾಕಿಕೊಂಡು ಜಗಲಿ ಹತ್ತಿದ ಮೇಲೆ ಎರಡೂ ನನಗೆ ನಾಲ್ಕಾಗಿ ಕೇಳಿಸಿದವು. ಆ ಹೆಂಗಸರು ನನ್ನ ವಾಕ್ಯಕ್ಕೆ ಉತ್ತರ ಕೊಟ್ಟಿರಲಿಲ್ಲ, ನನಗೆ ಕೊಟ್ಟಿದ್ದರು. ತೃಪ್ತಿಯಿಂದಿರಿ ಎಂದು ನಾನು ಮನೆ ಮನೆಗೆ ಹೋಗಿ ಕೇಳಿಕೊಂಡೆ. ಅವರು ಒಂದು ಕೊಡಪಾನ ನೀರು ತರಲು ಒಪ್ಪುವ ಹಾಗೆ ಒಪ್ಪಿಕೊಂಡರು.

ನೆನಪಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ಅಮ್ಮನ ಎದುರು ಮಾಡಿದೆ. ಕಟ್ಟಿದ್ದನ್ನು ಕೊಡುವ ಬೀಡಿ ಬ್ರಾಂಚಿನಲ್ಲಿ ಚೆಕ್ಕರ್ ಕಟ್ಟಿನ ಮೇಲೆ ಬೆರಳಾಡಿಸಿ ಸಡಿಲವಾದದ್ದನ್ನು ಎಳೆದು ಬಿಸಾಡುವ ಹಾಗೆ ಅಮ್ಮ ಕಣ್ಣು ಮುಚ್ಚಿ ಕೇಳಿದಳು. “ಇದು ಬೇಗ ಮುಗಿಸು ಅಂತ... ಇದು ಒಲೆಯಲ್ಲಿ ಎಂತದೋ ಇಟ್ಟಿದ್ದಾಳೆ... ಇದು ಪಾಪ ಹುಡುಗ, ದೂರದಿಂದ ಬಂದಿದ್ದಾನೆ ಅಂತ... ಇವಳು, ಇವಳು ಒಳಗಿಂದ ಅಳ್ತಾಳೆ ಮಾರಾಯ, ನೀನು ಎಂತ ಕೇಳಿದ್ದು ಅವಳ ಹತ್ರ?” ಎಂಟನೆಯ ವಾಕ್ಯ, ಕುಟುಂಬದ ಬೆಂಬಲದ ಬಗ್ಗೆ. ನಾಲ್ಕು ಹಾಕಿದ್ದೆ.

ಅಷ್ಟು ಜನರಲ್ಲಿ ಒಂದೇ ಒಂದು ‘ಅಂದ್’ ಕೂಡ ಅಮ್ಮನಿಗೆ ಸಿಗಲಿಲ್ಲ. ನನ್ನ ಗಂಟಲಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು. ಕಾಗದದಲ್ಲಿ ಮಾತ್ರ ಇರಲಿಲ್ಲ.

ಸೋಮವಾರ ಮೇಡಂ ಅವರಿಗೆ ಎಲ್ಲ ಹೇಳಿದೆ. ಬಹಳ ಹೊತ್ತು ಗಾಳಿ ಬಿಟ್ಟು ಹೇಳಿದರು: “ಟೋನನ್ನು... ಯಾವ... ಕಾಲಮಿನಲ್ಲಿ... ಹಾಕ್ತೀರಿ?” ಆಮೇಲೆ, ನಡುವೆ ಬಸ್ಸು ಬಿಡದೆ, ಬೇಗ ಬೇಗ: “ನೆನಪಿನಿಂದ ಬದಲಾಯಿಸಲಿಕ್ಕೆ ಆಗುವುದಿಲ್ಲ. ಪುನಃ ಹೋಗಿ ಕೇಳಿ. ಅರವತ್ತು ಜನ ಸಾಕು. ಸಮಯ ಇಲ್ಲ.” ಅವರು ಬೇಗ ಮಾತಾಡಿದ್ದು ಅದೊಂದೇ ಸಲ, ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಏಪ್ರಿಲಿನ ಬಿಸಿಲಿನಲ್ಲಿ ಮತ್ತೆ ನರಿಕೊಂಬಿನ ಅದೇ ಜಗಲಿ.

“ಅಕ್ಕ, ಈ ಸಲ ಸರಿಯಾಗಿ ಹೇಳಬೇಕು. ಆವು ಬೇಡ. ನಿಜ ಆದರೆ ಅಂದ್ ಹೇಳಿ, ಅಲ್ಲದಿದ್ದರೆ ಅತ್ತ್ ಹೇಳಿ.”

‘ಅತ್ತ್’ ಎಂದರೆ ಅಲ್ಲ. ಅಕ್ಕ ಕತ್ತರಿ ಕೆಳಗಿಟ್ಟರು. “ಹೋದ ಸಲ ನಾನು ಹೇಳಿದ್ದು ತಪ್ಪಾಯ್ತಾ ಮಗ? ನನ್ನಿಂದ ನಿನಗೆ ತೊಂದರೆ ಆಯ್ತಾ?”

“ಇಲ್ಲ ಅಕ್ಕ, ತಪ್ಪು ನನ್ನದೇ.”

“ನಿನಗೆ ಯಾವುದು ಆಗ್ಬೇಕು ಹೇಳು. ಅದನ್ನೇ ಹೇಳುವ.”

“ನನಗೆ ಬೇಕಾದ್ದಲ್ಲ. ನಿಮ್ಮದು, ನಿಮ್ಮ ಮನಸ್ಸಿನದ್ದು.”

“ನನ್ನ ಮನಸ್ಸು ಕಟ್ಟಿಕೊಂಡು ನಿನಗೆ ಎಂತ ಆಗ್ತದೆ? ನೀನು ಪಾಸ್ ಆಗ್ಬೇಕಲ್ಲ. ಅಂದ್ ಹಾಕು. ಹತ್ತಕ್ಕೂ ಅಂದ್ ಹಾಕು.”

ನಾನು ಎರಡನೆಯ ಮನೆ ಮುಟ್ಟುವ ಮೊದಲೇ ಸುದ್ದಿ ಫೋನಿನಲ್ಲಿ ಮುಟ್ಟಿತ್ತು. ಅಲ್ಲಿಯ ಸೊಸೆ ಗೇಟಿನ ಬಳಿಯೇ ಹೇಳಿದಳು, “ಅಣ್ಣ, ಈ ಸಲ ಅಂದ್ ಹೇಳ್ಬೇಕಂತೆ ಅಲ್ವಾ?” ವಾರದೊಳಗೆ ಅದು ಬಂಟ್ವಾಳ ದಾಟಿ ಪುಂಜಾಲಕಟ್ಟೆ ದಾಟಿ ಗುರುವಾಯನಕೆರೆಯವರೆಗೆ ಹೋಯಿತು. ಪಾಪದ ಹುಡುಗ, ಪರೀಕ್ಷೆಯಲ್ಲಿ ಫೇಲಾಗಿದ್ದಾನೆ, ನಾವು ಆವು ಹೇಳಿದ್ದಕ್ಕೆ. ಒಬ್ಬರಂತೂ ನಾನು ವಾಕ್ಯ ಓದುವ ಮೊದಲೇ ‘ಅಂದ್, ಅಂದ್, ಅಂದ್’ ಎಂದು ಹತ್ತು ಸಲ ಬೆರಳು ಮಡಚಿ ಎಣಿಸಿ ಹೇಳಿ ಮುಗಿಸಿದರು. ನಾನು ಓದಲೇಬೇಕು ಎಂದೆ. “ಓದು ಓದು, ನಿನಗೆ ಸಮಾಧಾನ ಆಗ್ಲಿ” ಎಂದರು.

ಅರವತ್ತು ಪ್ರಶ್ನಾವಳಿ ಹೊತ್ತು ಮೂಡುಬಿದಿರೆಗೆ ಹೋದೆ. ಹೋದ ಸಲ ಎಲ್ಲ ನಾಲ್ಕು, ಈ ಸಲ ಎಲ್ಲ ಐದು. ಅಷ್ಟು ಒತ್ತಿ ಹೇಳಿದ ‘ಅಂದ್’ಗೆ ಐದು ಹಾಕದೆ ಹೇಗೆ? ಸರಾಸರಿ ಏರಿತ್ತು. ವಿಚಲನೆ ಸೊನ್ನೆ. ಕೋಷ್ಟಕದಲ್ಲಿ ಅದೇ ಚುಕ್ಕಿಗಳು, ಒಂದೂ ಜಾಗ ಬಿಟ್ಟು ಕದಲಿರಲಿಲ್ಲ.

“ಸರ್, ಎರಡು ತಿಂಗಳಲ್ಲಿ ಸುಖ ಇನ್ನೂ ಹೆಚ್ಚಾಗಿದೆ” ಎಂದೆ.

ಸರ್ ನಗಲಿಲ್ಲ. ಪರದೆಯನ್ನು ನೋಡುತ್ತಲೇ, “ಬಿಟ್ಟುಬಿಡಿ ಅಂತ ನಾನು ಹೇಳುವುದಿಲ್ಲ. ಹೇಳಲಿಕ್ಕೆ ಬೇರೆ ಎಂತದೂ ಇಲ್ಲ, ಅಷ್ಟೇ” ಎಂದರು. ಐದೂವರೆ ಆಗಲು ಇನ್ನೂ ಅರ್ಧ ಗಂಟೆ ಇತ್ತು. ಕಂಪ್ಯೂಟರಿಗೆ ಕಸೂತಿ ಬಟ್ಟೆ ಹೊದೆಸಿದರು.

ಮನೆಗೆ ಬಂದ ಮೇಲೆ ನಾನು ಒಂದು ಕೆಲಸ ಮಾಡಿದೆ, ಅದನ್ನೂ ಬರೆಯುವ. ನನ್ನ ಲ್ಯಾಪ್‌ಟಾಪಿನಲ್ಲಿ ಮೊದಲ ಇನ್ನೂರರ ಫೈಲು ತೆರೆದು, ಶಾಲೆಗೆ ಹೋಗದವರ ನಾಲ್ಕುಗಳನ್ನು ಅಲ್ಲಲ್ಲಿ ಎರಡು ಮಾಡಿದೆ, ಹತ್ತನೆಯವರೆಗೆ ಓದಿದವರದ್ದನ್ನು ಐದು. ಹಾಗೆ ಸುಮ್ಮನೆ ಮಾಡಲಿಲ್ಲ, ಒಬ್ಬೊಬ್ಬರ ಧ್ವನಿಯನ್ನೂ ಬಾಯಲ್ಲಿ ಮಾಡಿ ನೋಡಿ, ಇವರು ಎರಡು ಅನ್ನಬಹುದು ಎನಿಸಿದ ಕಡೆ ಎರಡು ಹಾಕಿದೆ. ಕಲೆಗೆ ಮೋಸ ಮಾಡಬಾರದಲ್ಲ. ಓಕೆ ಒತ್ತಿದೆ. ಚುಕ್ಕಿಗಳು ಹೋಗಿ ಅಂಕೆ ಬಂದವು, ಅಂಕೆಯ ಹೆಗಲ ಮೇಲೆ ಎರಡು ನಕ್ಷತ್ರ. ಎರಡು ನಕ್ಷತ್ರ ಎಂದರೆ ಫಲಿತಾಂಶ ಆಕಸ್ಮಿಕವಾಗಿರುವ ಸಾಧ್ಯತೆ ಬಹಳ ಕಡಿಮೆ. ಅದಂತೂ ನಿಜ, ಅದರಲ್ಲಿ ಆಕಸ್ಮಿಕ ಯಾವುದೂ ಇರಲಿಲ್ಲ. ಐದು ವರ್ಷದಲ್ಲಿ ನಾನು ಕಂಡ ಮೊದಲ ನಕ್ಷತ್ರಗಳು. ತುಂಬ ಚಂದ ಇದ್ದವು.

ಕೊನೆಗೆಂದು ಬಿಟ್ಟಿದ್ದ ನರಿಕೊಂಬಿನ ಅಕ್ಕನ ಸಾಲಿಗೆ ಬಂದಾಗ ಬಾಯಿ ಬೇರೆ ಏನನ್ನೋ ಮಾಡಿತು. “ನನ್ನಿಂದ ನಿನಗೆ ತೊಂದರೆ ಆಯ್ತಾ ಮಗ?” ನಾನು ಒಳ್ಳೆಯವನೆಂದು ಇದನ್ನು ಹೇಳುತ್ತಿಲ್ಲ. ನನ್ನ ಮಿಮಿಕ್ರಿ ಒಳ್ಳೆಯದು, ಅಷ್ಟೇ. ಫೈಲು ಮುಚ್ಚಲು ಹೋದರೆ ಉಳಿಸಬೇಕೇ ಎಂದು ಯಂತ್ರ ಕೇಳಿತು: ಹೌದು, ಇಲ್ಲ, ರದ್ದು. ಅದರಲ್ಲೂ ‘ಆವು’ ಇರಲಿಲ್ಲ. ‘ಇಲ್ಲ’ ಒತ್ತಿದೆ.

ಅಮ್ಮ ಅಲ್ಲೇ ಇದ್ದಳು. ಇನ್ನು ಯಾವ ನಿಯಮ ಮುರಿದರೂ ಹೋಗುವುದು ಏನೂ ಉಳಿದಿರಲಿಲ್ಲ. ಒಂದು ಖಾಲಿ ಪ್ರಶ್ನಾವಳಿ ತೆಗೆದು, ಆಕಾಶವಾಣಿಯ ಧ್ವನಿಯಿಲ್ಲದೆ, ಮನೆಯ ತುಳುವಿನಲ್ಲಿ ಮೊದಲ ವಾಕ್ಯ ಕೇಳಿದೆ. ನೀನು ನಡೆಸಿದ ಜೀವನ ನಿನಗೆ ತೃಪ್ತಿಯದ್ದಾ?

ಅವಳು ತಮಾಷೆ ಮಾಡುತ್ತಾಳೆ ಎಂದುಕೊಂಡಿದ್ದೆ. ಊದುಬತ್ತಿಯ ಮಾತು ತೆಗೆಯುತ್ತಾಳೆ ಎಂದು. ಕೈಯಲ್ಲಿದ್ದ ಬೀಡಿಗೆ ನೂಲು ಸುತ್ತಿ, ಹಲ್ಲಿನಲ್ಲಿ ಕಡಿದು, ತಡ್ಪೆಗೆ ಹಾಕಿದಳು.

“ಅತ್ತ್” ಎಂದಳು.

ಬೇಸರದಿಂದಲ್ಲ, ಸಿಟ್ಟಿನಿಂದಲ್ಲ. ಹೊರಗೆ ಮಳೆ ಬಂತಾ ಎಂದರೆ ಇಲ್ಲ ಎನ್ನುವ ಹಾಗೆ. ಆಮೇಲೆ ಇನ್ನೊಂದು ಎಲೆ ತೆಗೆದುಕೊಂಡಳು. ಇಡೀ ಅಧ್ಯಯನದಲ್ಲಿ ನನಗೆ ಸಿಕ್ಕ ಒಂದೇ ವ್ಯತ್ಯಾಸ, ಪಟ್ಟಿಯಲ್ಲಿ ಇಲ್ಲದವಳದ್ದು. ಉಳಿದ ಒಂಬತ್ತು ವಾಕ್ಯಗಳನ್ನು ನಾನು ಕೇಳಲಿಲ್ಲ. ಅವಳೂ ಇನ್ನು ಎಷ್ಟುಂಟು ಎಂದು ಕೇಳಲಿಲ್ಲ. ಆ ಒಂದು ಪದವನ್ನು ಆಮೇಲೆ ಎಷ್ಟೋ ಸಲ ಬಸ್ಸಿನಲ್ಲಿ ಮೆಲ್ಲಗೆ ಮಾಡಿ ನೋಡಿದ್ದೇನೆ. ಬರುವುದಿಲ್ಲ. ನನ್ನ ಧ್ವನಿಯೇ ಬರುತ್ತದೆ.

ಮೇ ಕೊನೆಯ ವಾರ ನನ್ನ ನೋಂದಣಿ ಇದ್ದ ಮೂಡುಬಿದಿರೆಯ ಸಂಶೋಧನಾ ಕೇಂದ್ರಕ್ಕೆ ಹೋದೆ. ಅಲ್ಲಿಯ ಗುಮಾಸ್ತರು ಐದು ವರ್ಷದಿಂದ ಪರಿಚಯ. ನನ್ನ ಮೇಡಂ ಮಿಮಿಕ್ರಿಯ ದೊಡ್ಡ ಅಭಿಮಾನಿ. ಅವತ್ತು ಕೇಳಲಿಲ್ಲ. ಅವಧಿ ಮುಗಿದು ತಾನಾಗಿ ರದ್ದಾದರೆ ಮೂಲ ಅಂಕಪಟ್ಟಿ ವಾಪಾಸು ಬರಲು ತಿಂಗಳುಗಟ್ಟಲೆ ಆಗುತ್ತದೆ, ನಾನೇ ಬಿಟ್ಟೆ ಎಂದು ಬರೆದುಕೊಟ್ಟರೆ ಇವತ್ತೇ ತೆಗೆದುಕೊಂಡು ಹೋಗಬಹುದು ಎಂದು ತಿಳಿಸಿ ಒಂದು ಫಾರ್ಮು ತೆಗೆದರು.

“ನಾನೇ ತುಂಬಿಸ್ತೇನೆ, ನೀವು ಕೂತುಕೊಳ್ಳಿ ಮಾರಾಯ್ರೆ. ಬಿಸಿಲಿಗೆ ಬಂದಿದ್ದೀರಿ” ಎಂದರು. ವಿಷಯ, ವಿಭಾಗ, ಸೇರಿದ ವರ್ಷ ಎಲ್ಲ ಅವರಿಗೆ ಬಾಯಿಪಾಠ. ಕೊನೆಯ ಸಾಲಿಗೆ ಬಂದು ಪೆನ್ನು ನಿಲ್ಲಿಸಿದರು. ಎದುರು ಎರಡು ಚೌಕ, ಒಂದು ಹೌದು, ಒಂದು ಅಲ್ಲ.

“ಸಂಶೋಧನೆ ಬಿಡುವುದು ನಿಮ್ಮ ಸ್ವಇಚ್ಛೆಯಿಂದ. ಹಾಗೇ ಅಲ್ವಾ?”

ಸುಮ್ಮನಿದ್ದರೆ ಒಂಬತ್ತು ಆಗುತ್ತಿತ್ತು. ಆದರೆ ಅವರು ಒಳ್ಳೆಯವರು, ಫ್ಯಾನನ್ನು ನನ್ನ ಕಡೆಗೆ ತಿರುಗಿಸಿದ್ದರು, ಹೊರಗೆ ಇನ್ನಿಬ್ಬರು ಕಾಯುತ್ತಿದ್ದರು.

“ಆವು” ಎಂದೆ.

ಅವರು ‘ಹೌದು’ ಎಂಬ ಚೌಕದಲ್ಲಿ ಗುರುತು ಹಾಕಿ, ಫಾರ್ಮನ್ನು ನನ್ನ ಕಡೆಗೆ ತಿರುಗಿಸಿ, ಸಹಿ ಎಲ್ಲಿ ಎಂದು ಬೆರಳಿಟ್ಟು ತೋರಿಸಿದರು.